ಅಡಿಕೆ ತೋಟದಲ್ಲಿ ಪೈಥಾನ್‌ನ ಯುಡಿಪಿ ಸಾಕೆಟ್: ಹಲವು ಬೇಸಿಗೆ ಬಳಸಿದ ಮೇಲೆ

ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಯುಡಿಪಿ ಸಾಕೆಟ್ಟಿಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಯುಡಿಪಿ ಅಂದರೆ ಮೊದಲು ಸಂಪರ್ಕ ಕಟ್ಟದೆ, ಮುಟ್ಟಿತೋ ಎಂದು ನೋಡದೆ ಪ್ಯಾಕೆಟ್ಟುಗಳನ್ನು ನೆಟ್‌ವರ್ಕಿಗೆ ಬಿಡುವ ವಿಧಾನ. ಸಾಕೆಟ್ ಅಂದರೆ ಅದಕ್ಕಾಗಿ ಪ್ರೋಗ್ರಾಮು ತೆರೆಯುವ ಬಾಗಿಲು. ಕರೆಂಟು ಆಗಾಗ ಹೋಗಿ ಬರುವ ಜಾಗದಲ್ಲಿ ಸಣ್ಣ ಸಣ್ಣ ಸುದ್ದಿ ಮುಟ್ಟಿಸಲಿಕ್ಕೆ ಇಷ್ಟು ತಲೆನೋವಿಲ್ಲದ ದಾರಿ ನನಗೆ ಬೇರೆ ಸಿಕ್ಕಿಲ್ಲ. ಪೆರ್ಲದ ಹತ್ತಿರ ನಮ್ಮ ತೋಟದ ನೀರಿನ ಲೆಕ್ಕವೆಲ್ಲ ಈಗ ಇದರ ಮೇಲೆಯೇ ನಡೆಯುತ್ತದೆ. ಉಳಿದ ಅರ್ಧ ಅಂಕ ಯಾಕೆ ಕೊಡಲಿಲ್ಲ ಅನ್ನುವುದನ್ನೂ ಹೇಳುತ್ತೇನೆ.

ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗದ ನೀರು ಕೆಳಗಿನ ಕೆರೆಗೆ ಬೀಳುತ್ತದೆ. ಅಲ್ಲಿಂದ ಪಂಪು ಅದನ್ನು ಗುಡ್ಡೆಯ ಮೇಲಿನ ಟ್ಯಾಂಕಿಗೆ ಏರಿಸುತ್ತದೆ. ಡಿಸೆಂಬರ್‌ನಿಂದ ಮಳೆ ಹಿಡಿಯುವ ತನಕ ಸ್ಪ್ರಿಂಕ್ಲರಿಗೆ ಅದೇ ನೀರು. ಟ್ಯಾಂಕಿಯಲ್ಲಿ ಮಟ್ಟ ಅಳೆಯುವ ಸೆನ್ಸರ್, ಅದರ ಜೊತೆ ಮೈಕ್ರೋಪೈಥಾನ್ (ಸಣ್ಣ ಬೋರ್ಡುಗಳಿಗಾಗಿ ಇರುವ ಪೈಥಾನ್) ಹಾಕಿದ ಇಎಸ್‌ಪಿ32 ಎಂಬ ಒಂದು ವೈಫೈ ಬೋರ್ಡು. ಪಂಪ್‌ಶೆಡ್ಡಿನಲ್ಲಿ ಅಂಥದ್ದೇ ಇನ್ನೊಂದು. ಮನೆಯಲ್ಲಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಲಿನಕ್ಸ್ ಕಂಪ್ಯೂಟರ್. ನಮ್ಮ ಕಡೆಯ ಸಿಡಿಲು ಗೊತ್ತಲ್ವಾ, ತೋಟದುದ್ದಕ್ಕೆ ತಂತಿ ಎಳೆಯುವ ಮಾತೇ ಇಲ್ಲ. ಎಲ್ಲವೂ ವೈಫೈ.

ಯುಡಿಪಿಯ ನಿಯಮ ಬರೆದದ್ದು 1980ರ ಆಗಸ್ಟಿನಲ್ಲಿ. ಇಂಟರ್ನೆಟ್ಟಿನ ನಿಯಮಗಳನ್ನು ಬರೆದಿಡುವ ದಾಖಲೆಗಳಲ್ಲಿ ಅದು ಆರ್‌ಎಫ್‌ಸಿ 768, ಮೂರೇ ಪುಟ. ಪ್ಯಾಕೆಟ್ಟಿನ ತಲೆಯಲ್ಲಿರುವ ಹೆಡರ್ ಬರೀ 8 ಬೈಟು: ಕಳಿಸಿದ ಪೋರ್ಟು (ಯಂತ್ರದೊಳಗೆ ಯಾವ ಪ್ರೋಗ್ರಾಮು ಎಂದು ತೋರಿಸುವ ಸಂಖ್ಯೆ), ತಲುಪಬೇಕಾದ ಪೋರ್ಟು, ಉದ್ದ, ತಪ್ಪು ಹಿಡಿಯುವ ಚೆಕ್‌ಸಮ್. ಪೈಥಾನಿನಲ್ಲೂ ಅಷ್ಟೇ ಸರಳ. ಹೆಚ್ಚಿಗೆ ಏನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಸಾಕೆಟ್ ತೆರೆದು, ಕೇಳುವ ಕಡೆ 'ಬೈಂಡ್' ಮಾಡಿ (ಒಂದು ಪೋರ್ಟಿಗೆ ಕಟ್ಟಿ) 'ರಿಸೀವ್‌ಫ್ರಮ್' ಕರೆದರಾಯಿತು. ಕಳಿಸುವ ಕಡೆ 'ಸೆಂಡ್‌ಟು' ಒಂದೇ ಸಾಲು. ಪಠ್ಯವನ್ನು ಹಾಗೇ ಕೊಟ್ಟರೆ ಮಾತ್ರ ಅದು ಒಪ್ಪುವುದಿಲ್ಲ, ಬೈಟುಗಳಾಗಿಯೇ ಕೊಡಬೇಕು. ನಾನು 'ಸ್ಟ್ರಕ್ಟ್' ಮಾಡ್ಯೂಲಿನಲ್ಲಿ ಕಟ್ಟುತ್ತೇನೆ. ಬೋರ್ಡಿನ ಗುರುತಿಗೆ 1 ಬೈಟು, ಸರಣಿ ಸಂಖ್ಯೆಗೆ 4, ನೀರಿನ ಮಟ್ಟ ಸೆಂಟಿಮೀಟರಿನಲ್ಲಿ 2, ಬ್ಯಾಟರಿಯ ವೋಲ್ಟೇಜು 2. ಒಟ್ಟು 9 ಬೈಟು. ಯುಡಿಪಿ ಹೆಡರಿನ 8, ಯಂತ್ರಗಳ ವಿಳಾಸ ಹೊತ್ತ ಐಪಿ ಹೆಡರಿನ 20 ಸೇರಿದರೂ 37 ದಾಟುವುದಿಲ್ಲ.

ಇದರ ನಿಜವಾದ ಬೆಲೆ ಗೊತ್ತಾಗುವುದು ಕರೆಂಟು ಹೋದಾಗ. ಮೊದಲು ಸಂಪರ್ಕ ಕಟ್ಟಿಕೊಂಡು ಕಳಿಸುವ ಟಿಸಿಪಿ ವಿಧಾನದಲ್ಲಾದರೆ ಎರಡೂ ಕಡೆಯವರು ಸಂಪರ್ಕವನ್ನು ನೆನಪಿಟ್ಟುಕೊಂಡಿರುತ್ತಾರೆ. ಒಂದು ಬೋರ್ಡು ಹೇಳದೆ ಕೇಳದೆ ಆರಿಹೋದರೆ, ಸುಮ್ನೆ ಕೇಳುತ್ತಾ ಕೂತ ಇನ್ನೊಂದು ಕಡೆಗೆ ಅದು ತಿಳಿಯುವುದೇ ಇಲ್ಲ. ಆ ಕಡೆ ಇನ್ನೂ ಇದೆಯೇ ಎಂದು ವಿಚಾರಿಸುವ ಕೀಪ್‌ಅಲೈವ್ ಹಾಕಿದರೂ ಲಿನಕ್ಸಿನ ರೂಢಿ ಸೆಟ್ಟಿಂಗಿನಲ್ಲಿ ಮೊದಲ ವಿಚಾರಣೆ 7200 ಸೆಕೆಂಡು, ಅಂದರೆ ಎರಡು ಗಂಟೆ ಕಳೆದ ಮೇಲೆ. ಅಷ್ಟರಲ್ಲಿ ಟ್ಯಾಂಕಿ ತುಂಬಿ ಹರಿದು ಮುಗಿದಿರುತ್ತದೆ! ಯುಡಿಪಿಯಲ್ಲಿ ಸಂಪರ್ಕ ಅನ್ನುವುದೇ ಇಲ್ಲ, ಹಾಗಾಗಿ ಕಡಿದುಹೋಗಲಿಕ್ಕೂ ಏನಿಲ್ಲ. ಕರೆಂಟು ಬಂತು, ವೈಫೈ ಎದ್ದಿತು, ಬೋರ್ಡು ಮುಂದಿನ ಅಳತೆ ಕಳಿಸಿತು. ಮನೆಯ ಪೈ ಅದನ್ನು ಓದಿತು. ಮತ್ತೆ ಜೋಡಿಸುವ ಕೋಡೇ ಬೇಡ. ರೌಟರ್ ಏಳುವ ಮೊದಲೇ ಕಳಿಸಲು ಹೋದರೆ ಎರರ್ ಬರುತ್ತದೆ, ಅದನ್ನು ಹಿಡಿದು ಮುಂದಕ್ಕೆ ಹೋದರೆ ಸಾಕು. "ಟ್ಯಾಂಕಿಯಲ್ಲಿ ಎಷ್ಟು ಉಂಟು ಮಗಾ?" ಎಂದು ಅಪ್ಪ ಕೇಳಿದರೆ ಕೂತಲ್ಲಿಂದಲೇ ಉತ್ತರ ಕೊಡಬಹುದು.

ನಡುವೆ ಒಂದೆರಡು ಅಳತೆ ಕಳೆದುಹೋದರೆ ನಷ್ಟವೇನೂ ಇಲ್ಲ. ಹೊಸದು ಬಂದರೆ ಹಳೆಯದಕ್ಕೆ ಬೆಲೆ ಎಲ್ಲಿಂದ? ಸರಣಿ ಸಂಖ್ಯೆ ನೋಡಿ, ತಡವಾಗಿ ಬಂದದ್ದನ್ನು ಬಿಟ್ಟುಬಿಡುತ್ತೇನೆ. ಬೋರ್ಡು ಮತ್ತೆ ಶುರುವಾದಾಗ ಎಣಿಕೆ ಸೊನ್ನೆಗೆ ಇಳಿಯುತ್ತದೆ, ಅದನ್ನು ಗುರುತಿಸುವ ಸಾಲು ಮಾತ್ರ ಮರೆಯಬಾರದು.

ಮನೆಯ ಪೈ ಪಂಪಿಗೆ ಕಳಿಸುವ ಆಜ್ಞೆಯ ವಿಷಯ ಬೇರೆ. ಅಲ್ಲಿ ಕಳೆದುಹೋದರೆ ನಡೆಯುವುದಿಲ್ಲ. 'ಸೆಂಡ್‌ಟು' ಎರರ್ ಕೊಡದೆ ಮುಗಿಯಿತು ಅಂದರೆ ಪ್ಯಾಕೆಟ್ಟು ನಮ್ಮದೇ ಯಂತ್ರದ ಕೈ ಸೇರಿತು ಎಂದಷ್ಟೇ ಅರ್ಥ. ಆ ಕಡೆ ಮುಟ್ಟಿತು ಅಂತ ಅಲ್ಲ. ಅದಕ್ಕೇ ಪ್ರತಿ ಆಜ್ಞೆಗೂ ಒಂದು ಸಂಖ್ಯೆ ಕೊಟ್ಟು, ಅದೇ ಸಂಖ್ಯೆಯ ಉತ್ತರ ಬರುವ ತನಕ ಮತ್ತೆ ಕಳಿಸುತ್ತೇನೆ. 'ಸೆಟ್‌ಟೈಮ್‌ಔಟ್' ಹಾಕಲೇಬೇಕು, ಇಲ್ಲದಿದ್ದರೆ 'ರಿಸೀವ್‌ಫ್ರಮ್' ಕಾಯುತ್ತಲೇ ಇರುತ್ತದೆ. ಇನ್ನೊಂದು ಮುಖ್ಯ ಮಾತು: ಆಜ್ಞೆ "ಸ್ವಿಚ್ಚು ಬದಲಿಸು" ಅಂತ ಇರಬಾರದು. "ಪಂಪು ಆಫ್ ಇರಲಿ" ಅಂತ ಇರಬೇಕು. ಒಂದೇ ಆಜ್ಞೆ ಎರಡು ಸಲ ಮುಟ್ಟಿದಾಗ "ಬದಲಿಸು" ಅನ್ನುವುದು ಅನಾಹುತ, "ಆಫ್ ಇರಲಿ" ಅನ್ನುವುದು ನಿರಪಾಯ. ಮನೆಯಿಂದ ಸುದ್ದಿಯೇ ನಿಂತುಹೋದರೆ ಪಂಪ್‌ಶೆಡ್ಡಿನ ಬೋರ್ಡು ತಾನಾಗಿ ಪಂಪು ನಿಲ್ಲಿಸುತ್ತದೆ. ಇದನ್ನೆಲ್ಲ ನಾವೇ ಬರೆಯಬೇಕು, ಯುಡಿಪಿ ಕೊಡುವುದಿಲ್ಲ.

ಬ್ರಾಡ್‌ಕಾಸ್ಟ್ ನೋಡಲಿಕ್ಕೆ ಸುಲಭ. ಯಾರ ವಿಳಾಸವೂ ಬೇಡ, ಎಲ್ಲರಿಗೂ ಒಟ್ಟಿಗೆ ಕೂಗಿ ಹೇಳಬಹುದು. ಪೈಯಲ್ಲಿ ಅದರ ಅನುಮತಿಯ ಆಪ್ಷನ್ ಹಾಕದಿದ್ದರೆ ಪರ್ಮಿಷನ್ ಎರರ್ ಬರುತ್ತದೆ. ಆದರೆ ವೈಫೈಯಲ್ಲಿ ಒಬ್ಬರಿಗೇ ಕಳಿಸಿದ್ದು ಮುಟ್ಟದಿದ್ದರೆ ರೇಡಿಯೋ ಮಟ್ಟದಲ್ಲೇ ಮತ್ತೆ ಕಳಿಸುತ್ತಾರೆ. ರೌಟರ್ ಎಲ್ಲರಿಗೂ ಬಿಡುವ ಬ್ರಾಡ್‌ಕಾಸ್ಟಿಗೆ ಆ ಸೌಲಭ್ಯ ಇಲ್ಲ. ಆಟಿ ತಿಂಗಳ ಮಳೆಯಲ್ಲಿ ಒದ್ದೆ ಸೋಗೆಗಳ ನಡುವೆ ಸಿಗ್ನಲ್ ಇಳಿದಾಗ ಮೊದಲು ಕಳೆದುಹೋಗುವುದು ಇದೇ. ಬೋರ್ಡುಗಳಿಗೆ ರೌಟರಿನಲ್ಲಿ ಖಾಯಂ ವಿಳಾಸ ಕೊಟ್ಟು ನೇರವಾಗಿ ಕಳಿಸುವುದೇ ಒಳ್ಳೆಯದು.

ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಓಡಿಸುವವರಿಗೆ ಒಂದು ಎಚ್ಚರಿಕೆ. ಯಾರೂ ಕೇಳದ ಪೋರ್ಟಿಗೆ ಕಳಿಸಿದರೆ, ಆಮೇಲಿನ 'ರಿಸೀವ್‌ಫ್ರಮ್' 10054 ಎಂಬ ಎರರ್ ಕೊಟ್ಟು ಸ್ಕ್ರಿಪ್ಟನ್ನೇ ನಿಲ್ಲಿಸಬಹುದು. ಅದನ್ನೂ ಹಿಡಿಯಬೇಕು. ಹಾಗೇ ಬಂದದ್ದನ್ನು ತುಂಬಿಕೊಳ್ಳುವ ಬಫರ್ ಚಿಕ್ಕದಾದರೆ ಲಿನಕ್ಸ್ ಸದ್ದಿಲ್ಲದೆ ಬಾಲ ಕತ್ತರಿಸುತ್ತದೆ, ಉಳಿದದ್ದು ಮತ್ತೆ ಸಿಗುವುದಿಲ್ಲ. ವಿಂಡೋಸ್ ಅದಕ್ಕೂ ಎರರ್ ಕೊಡುತ್ತದೆ.

ಅರ್ಧ ಅಂಕ ಹೋದದ್ದು ಭದ್ರತೆಗೆ. ಮನೆಗೆ ಬಂದ ನೆಂಟರಿಗೆಲ್ಲ ವೈಫೈ ಪಾಸ್‌ವರ್ಡ್ ಕೊಡುತ್ತೇವಲ್ವಾ? ಆ ನೆಟ್‌ವರ್ಕಿನಲ್ಲಿರುವ ಯಾರು ಬೇಕಾದರೂ ಪಂಪಿಗೆ ಆಜ್ಞೆ ಕಳಿಸಬಹುದು, ಕಳಿಸಿದವರ ವಿಳಾಸವನ್ನೂ ಸುಳ್ಳು ಹಾಕಬಹುದು. ಪೈಥಾನಿನ ಎಸ್‌ಎಸ್‌ಎಲ್ ಮಾಡ್ಯೂಲು ಟಿಸಿಪಿಗೆ ಚೆಂದ ಬೀಗ ಹಾಕುತ್ತದೆ. ಯುಡಿಪಿಗೆ ಬೇಕಾದ ಡಿಟಿಎಲ್‌ಎಸ್ ಎಂಬ ಬೀಗ ಅದರಲ್ಲಿಲ್ಲ. ನಾನು ಗುಟ್ಟಿನ ಕೀಲಿಯಿಂದ ಲೆಕ್ಕ ಹಾಕುವ ಎಚ್‌ಮ್ಯಾಕ್ ಮೊಹರು ಸೇರಿಸಿ, ಸರಣಿ ಸಂಖ್ಯೆಯನ್ನೂ ಅದರೊಳಗೆ ತಂದಿದ್ದೇನೆ. ಹಳೆಯ ಆಜ್ಞೆಯನ್ನು ಯಾರಾದರೂ ಹಿಡಿದಿಟ್ಟು ಮತ್ತೆ ಕಳಿಸಿದರೂ ಬೋರ್ಡು ಒಪ್ಪುವುದಿಲ್ಲ.

ಕೊಳೆರೋಗ ಬಿದ್ದ ಅಡಿಕೆಯ ಫೋಟೋ ಕಳಿಸಲಿಕ್ಕೆ ಇದನ್ನು ಬಳಸಬೇಡಿ. ಐಪಿವಿ4ರಲ್ಲಿ ಒಂದು ಪ್ಯಾಕೆಟ್ಟಿಗೆ ಹೆಚ್ಚೆಂದರೆ 65,507 ಬೈಟು ಹಿಡಿಯುತ್ತದೆ, ಆದರೆ 1472 ದಾಟಿದರೆ ಸಾಮಾನ್ಯ ನೆಟ್‌ವರ್ಕಿನಲ್ಲಿ ಅದು ತುಂಡಾಗುತ್ತದೆ. ಒಂದು ತುಂಡು ಹೋದರೂ ಇಡೀ ಪ್ಯಾಕೆಟ್ಟು ಹೋದ ಹಾಗೆ. ಫೋಟೋಗಳನ್ನು ನಾನು ಈಗಲೂ ಟಿಸಿಪಿಯಲ್ಲೇ ಕಳಿಸುತ್ತೇನೆ.