ಜೆರಾಕ್ಸ್ ಅಂಗಡಿಯ ಒಂದೇ ಕಂಪ್ಯೂಟರಿಗೆ ಫೈರ್‌ಫಾಕ್ಸ್: ಆರು ತಿಂಗಳ ಅನುಭವ

ಸಾಗರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಜೆರಾಕ್ಸ್ ಅನ್ನುವುದು ಬೋರ್ಡಿಗೆ ಮಾತ್ರ. ಹೊಟ್ಟೆ ತುಂಬಿಸುವುದು ಪಹಣಿ ತೆಗೆದುಕೊಡುವುದು, ಜಾತಿ-ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದು, ಮಕ್ಕಳ ರಿಸಲ್ಟ್ ನೋಡಿ ಹೇಳುವುದು. ಇರುವುದು ಒಂದೇ ಕಂಪ್ಯೂಟರ್. ದಿನಕ್ಕೆ ಮೂವತ್ತು ನಲವತ್ತು ಜನರ ಆಧಾರ್ ನಂಬರು, ಫೋನ್ ನಂಬರು ಅದರೊಳಗೆ ಹಾದುಹೋಗುತ್ತದೆ.

ಹಾದುಹೋಗುತ್ತದೆ ಅಂತ ನಾನು ಅಂದುಕೊಂಡಿದ್ದೆ. ಮಳೆಗಾಲದಲ್ಲಿ ಒಬ್ಬ ಹುಡುಗ ಕೆಲಸದ ಅರ್ಜಿ ತುಂಬುತ್ತಾ ಕೂತಿದ್ದ. ಫೋನ್ ನಂಬರಿನ ಜಾಗದಲ್ಲಿ ಒಂಬತ್ತು ಒತ್ತಿದ್ದೇ ತಡ, ಕೆಳಗೆ ಸಾಲಾಗಿ ಹತ್ತಾರು ನಂಬರು ಇಳಿದವು. "ಅಣ್ಣಾ, ಇದು ನಮ್ಮ ಪಕ್ಕದ್ಮನೆ ಅಕ್ಕನ ನಂಬರ್ ಅಲ್ವಾ?" ಅಂದ. ನನಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ಗೊತ್ತಾಗಲಿಲ್ಲ. ತಪ್ಪು ನನ್ನದೇ. ಐದು ವರ್ಷದಿಂದ ಒಂದು ಸೆಟ್ಟಿಂಗನ್ನೂ ಮುಟ್ಟಿರಲಿಲ್ಲ.

ಅವತ್ತು ರಾತ್ರಿ ಶಟರ್ ಅರ್ಧ ಎಳೆದುಕೊಂಡು ಫೈರ್‌ಫಾಕ್ಸ್ ಬ್ರೌಸರ್ ಹಾಕಿದೆ. ಇದನ್ನೇ ಯಾಕೆ ಅಂದರೆ, ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಅನ್ನುವ ಎಕ್ಸ್‌ಟೆನ್ಶನ್ ಇಲ್ಲಿ ಪೂರ್ತಿಯಾಗಿ ನಡೆಯುತ್ತದೆ. ಕ್ರೋಮ್‌ನಲ್ಲಿ ಈಗ ಅದರ ಲೈಟ್ ಆವೃತ್ತಿ ಮಾತ್ರ. ಜಾಹೀರಾತು ಹೋದರೆ ಬರೀ ಕಣ್ಣಿಗೆ ಆರಾಮ ಅಂತ ತಿಳಿಯಬೇಡಿ. ಹಳೆಯ ಪ್ರಶ್ನೆಪತ್ರಿಕೆ ಹುಡುಕಲು ಹೋದರೆ ಒಂದೇ ಪುಟದಲ್ಲಿ ನಾಲ್ಕು 'ಡೌನ್‌ಲೋಡ್' ಬಟನ್ ಇರುತ್ತವಲ್ಲ, ಅದರಲ್ಲಿ ಮೂರು ಜಾಹೀರಾತೇ. ಈಗ ಹೆಚ್ಚಿನ ಕಡೆ ನಿಜವಾದದ್ದು ಒಂದೇ ಉಳಿಯುತ್ತದೆ.

ಆಮೇಲೆ ಸೆಟ್ಟಿಂಗ್ಸ್‌ನ 'ಪ್ರೈವಸಿ ಅಂಡ್ ಸೆಕ್ಯುರಿಟಿ'. ಸೈಟಿನಿಂದ ಸೈಟಿಗೆ ನಮ್ಮ ಹಿಂದೆ ಬೀಳುವುದನ್ನು ತಡೆಯುವ ಟ್ರ್ಯಾಕಿಂಗ್ ಪ್ರೊಟೆಕ್ಷನ್ ಅನ್ನು 'ಸ್ಟ್ರಿಕ್ಟ್' ಮಾಡಿದೆ. 2022ರಿಂದ ಫೈರ್‌ಫಾಕ್ಸ್ ಪ್ರತಿ ವೆಬ್‌ಸೈಟಿನ ಕುಕಿಯನ್ನು (ನಮ್ಮನ್ನು ಗುರುತಿಟ್ಟುಕೊಳ್ಳಲು ಸೈಟು ಬ್ರೌಸರಿನಲ್ಲಿ ಬಿಡುವ ಚೂರು ಮಾಹಿತಿ) ಬೇರೆ ಬೇರೆ ಡಬ್ಬದಲ್ಲಿ ಇಡುತ್ತದೆ. ಅದು ಮೊದಲಿನಿಂದಲೇ ಆನ್ ಇರುತ್ತದೆ, ಸ್ಟ್ರಿಕ್ಟ್‌ನಲ್ಲಿ ಇನ್ನಷ್ಟು ಟ್ರ್ಯಾಕರ್‌ಗಳಿಗೆ ಬೀಗ. ಪಾಸ್‌ವರ್ಡ್ ಉಳಿಸುವುದು, ಫಾರ್ಮ್ ನೆನಪಿಡುವುದು, ನೋಟಿಫಿಕೇಶನ್ ಕೇಳುವುದು, ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾಗೆ ಬಳಕೆಯ ಮಾಹಿತಿ ಕಳಿಸುವುದು ಎಲ್ಲ ಬಂದ್. ಫೈರ್‌ಫಾಕ್ಸ್ ಮುಚ್ಚಿದಾಗ ಕುಕಿ, ಹಿಸ್ಟರಿ ಅಳಿಸು ಅಂತ ಟಿಕ್ ಹಾಕಿದೆ. ಇಪ್ಪತ್ತು ನಿಮಿಷದ ಕೆಲಸ.

ಒಂದು ಯಡವಟ್ಟು. 'ಮುಚ್ಚಿದಾಗ' ಅಂದರೆ ಎಲ್ಲ ವಿಂಡೋ ಮುಚ್ಚಿದಾಗ. ಅಂಗಡಿಯಲ್ಲಿ ಬ್ರೌಸರ್ ಬೆಳಿಗ್ಗೆ ತೆರೆದರೆ ರಾತ್ರಿಯೇ ಮುಚ್ಚುವುದು. ಹಾಗಾಗಿ ಮೊದಲ ವಾರ ಏನೂ ಉಪಯೋಗ ಆಗಲಿಲ್ಲ. ಒಬ್ಬರ ಮೇಲ್ ಹಾಗೇ ತೆರೆದಿತ್ತು, ಮುಂದಿನವರು ಬಂದು ಕೂತರು. ಆಮೇಲೆ ಸಿಕ್ಕಿದ್ದು 'ಫರ್ಗೆಟ್' ಬಟನ್. ಟೂಲ್‌ಬಾರ್ ಮೇಲೆ ರೈಟ್ ಕ್ಲಿಕ್ ಮಾಡಿ 'ಕಸ್ಟಮೈಸ್'ಗೆ ಹೋದರೆ ಎಳೆದು ಮೇಲೆ ಇಟ್ಟುಕೊಳ್ಳಬಹುದು. ಐದು ನಿಮಿಷ, ಎರಡು ಗಂಟೆ, ಇಪ್ಪತ್ನಾಲ್ಕು ಗಂಟೆ ಅಂತ ಮೂರು ಆಯ್ಕೆ. ಒತ್ತಿದರೆ ಅಷ್ಟು ಹೊತ್ತಿನ ಕುಕಿ, ಹಿಸ್ಟರಿ ಅಳಿಸಿ, ಎಲ್ಲ ಟ್ಯಾಬ್ ಮುಚ್ಚಿ, ಹೊಸ ವಿಂಡೋ ತೆರೆಯುತ್ತದೆ. ಇಡೀ ಫೈರ್‌ಫಾಕ್ಸ್‌ನಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಇಷ್ಟು ಒಳ್ಳೆಯದನ್ನು ಯಾಕೆ ಬಚ್ಚಿಟ್ಟಿದ್ದಾರೋ! ಗಿರಾಕಿ ಎದ್ದ ತಕ್ಷಣ ಎರಡು ಗಂಟೆಯದ್ದನ್ನು ಒತ್ತುತ್ತೇನೆ.

ತೊಂದರೆಯೂ ಇದೆ. ಒಂದು ಅರ್ಜಿ ಸೈಟಿನಲ್ಲಿ ಕ್ಯಾಪ್ಚಾ ಚಿತ್ರ ಬರುತ್ತಲೇ ಇರಲಿಲ್ಲ. ಸರತಿಯಲ್ಲಿ ಆರು ಜನ. ವಿಳಾಸದ ಪಕ್ಕದ ಗುರಾಣಿ ಒತ್ತಿ ಆ ಸೈಟಿಗೆ ಮಾತ್ರ ರಕ್ಷಣೆ ತೆಗೆದ ಮೇಲೆ ಬಂತು. ಬೆರಳಚ್ಚಿನ ಸಾಧನವಂತೂ ಇದರಲ್ಲಿ ನಡೆಯಲೇ ಇಲ್ಲ. ಆ ಕೆಲಸಕ್ಕೆ ಹಳೆಯ ಬ್ರೌಸರನ್ನೇ ಇಟ್ಟುಕೊಂಡಿದ್ದೇನೆ. ಇನ್ನೊಂದು, ಮೊಜಿಲ್ಲಾದ ಆದಾಯದ ದೊಡ್ಡ ಪಾಲು ಗೂಗಲ್‌ನಿಂದ ಬರುತ್ತದೆ. ಅದಕ್ಕೇ ಹುಡುಕಾಟಕ್ಕೆ ಮೊದಲು ಸಿಗುವುದು ಗೂಗಲ್. ಡಕ್‌ಡಕ್‌ಗೋ ಅನ್ನುವ ಇನ್ನೊಂದು ಸರ್ಚ್ ಎಂಜಿನ್ ಹಾಕಿ ನೋಡಿದೆ. ಕನ್ನಡದಲ್ಲಿ ಹುಡುಕಿದಾಗ ನನಗೆ ಸರಿ ಅನಿಸಲಿಲ್ಲ, ವಾಪಸ್ ಗೂಗಲ್ಲಿಗೇ ಬಂದೆ.

ನಾನು ಹಾಕಿದ ಯಾವ ಸೆಟ್ಟಿಂಗೂ ಮುಟ್ಟದ ಜಾಗ ಡೌನ್‌ಲೋಡ್ಸ್ ಫೋಲ್ಡರ್. ಬ್ರೌಸರ್ ಎಲ್ಲ ಮರೆತರೂ ಪ್ರಿಂಟ್ ತೆಗೆದ ಆಧಾರ್ ಪಿಡಿಎಫ್ ಅಲ್ಲೇ ಬಿದ್ದಿರುತ್ತದೆ. ನಾನು ನೋಡಿದಾಗ ಎರಡು ಸಾವಿರ ದಾಟಿತ್ತು, ಮಾರಾಯ್ರೆ. ಈಗ ರಾತ್ರಿ ಗಲ್ಲಾ ಎಣಿಸಿದ ಮೇಲೆ ಅದನ್ನು ಕೈಯಾರೆ ಅಳಿಸಿ, ರಿಸೈಕಲ್ ಬಿನ್ನೂ ಖಾಲಿ ಮಾಡಿಯೇ ಹೊರಡುತ್ತೇನೆ.

ಅಂಗಡಿಗೆ ಇದು ಸಾಕು ಅನ್ನುವುದು ನನ್ನ ಮಾತು. ಗಿರಾಕಿಗಳು ಒಪ್ಪಿಲ್ಲ. ಮೊನ್ನೆ ಹಳ್ಳಿಯಿಂದ ಬಂದ ಒಬ್ಬ ಅಜ್ಜ ಫೋನ್ ನಂಬರ್ ಕೇಳಿದರೆ ಬೈದೇ ಬಿಟ್ಟರು: "ಹೋದ ಸಲ ಕಂಪ್ಯೂಟರೇ ಹೇಳ್ತಲ್ಲೋ, ಈಗೇನಾಯ್ತು ಅದಕ್ಕೆ?"