ಹಳೇ ಥಿಂಕ್‌ಪ್ಯಾಡಿಗೆ ಲಿನಕ್ಸ್ ಮಿಂಟ್: ಶಿರಸಿ ಕಡೆಯ ಒಂದು ಮನೆಯ ಅನುಭವ

ಡಿಸ್ಕ್ ಪೂರ್ತಿ ಅಳಿಸಿದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಂದವರಿಗೆ ಮೊದಲೇ ಹೇಳಿಬಿಡುತ್ತೇನೆ: ಟ್ಯಾಲಿ ಅನ್ನುವ ಲೆಕ್ಕಪತ್ರದ ತಂತ್ರಾಂಶದ ಗೊಡವೆ ಇಲ್ಲದಿದ್ದರೆ, ವಿಂಡೋಸ್ ಬದಲಿಗೆ ಪುಕ್ಕಟೆ ಸಿಗುವ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಮಿಂಟ್ ಹಾಕಿ, ಅದರಲ್ಲೂ ಎಕ್ಸ್‌ಎಫ್‌ಸಿಇ ಆವೃತ್ತಿ. ಚೆಂದದಲ್ಲಿ ಸ್ವಲ್ಪ ಕಡಿಮೆ, ಓಟದಲ್ಲಿ ಹಗುರ.

ನನ್ನದು ಥಿಂಕ್‌ಪ್ಯಾಡ್ ಟಿ430. 2012ರ ಮಾಡೆಲ್, ಮೂರನೇ ತಲೆಮಾರಿನ ಐ5, 4 ಜಿಬಿ ರ‍್ಯಾಮ್. ಹುಬ್ಬಳ್ಳಿಯಿಂದ ತರಿಸಿದ್ದು. ಅಡಿಯಲ್ಲಿ ವಿಂಡೋಸ್ 7ರ ಚೀಟಿ ಅರ್ಧ ಉಜ್ಜಿಹೋಗಿದೆ, ಒಳಗೆ ಏನೂ ಇಲ್ಲ. ಕೆಲಸವೂ ದೊಡ್ಡದಲ್ಲ. ಮಹಿಳಾ ಸಂಘದ ಲೆಕ್ಕ, ಮಗನ ಪಾಠದ ವಿಡಿಯೋ, ಮತ್ತೆ ಅಪ್ಪಯ್ಯ ಬರೆದಿಟ್ಟ ತಾಳಮದ್ದಲೆ ಟಿಪ್ಪಣಿಗಳನ್ನು ಟೈಪ್ ಮಾಡಿಡುವುದು.

"ಐನೂರು ಕೊಡಿ ಮೇಡಂ, ವಿಂಡೋಸ್ 10 ಹಾಕಿ ಕೊಡ್ತೇನೆ" ಅಂತ ಅಂಗಡಿಯವರು ಹೇಳಿದ್ದರು. ಅದು ಯಾವ ನಮೂನೆಯ ವಿಂಡೋಸ್ ಅಂತ ಎಲ್ಲರಿಗೂ ಗೊತ್ತು, ಅಲ್ವಾ? ಅಸಲಿಯೇ ಆದರೂ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಸುಮಾರಾಗಿ ಎಂಟನೇ ತಲೆಮಾರಿನಿಂದ ಮೇಲಿನದೇ ಆಗಬೇಕು. ಕಣ್ಣು ತಪ್ಪಿಸಿ ಹಾಕುವ ದಾರಿಗಳಿವೆ. ಆದರೆ ಹಾಗೆ ಹಾಕಿದರೆ ಮುಂದೆ ಅಪ್‌ಡೇಟ್ ಬಂದೇ ಬರುತ್ತದೆ ಅನ್ನುವ ಭರವಸೆ ಇಲ್ಲ.

ಗೂಗಲ್‌ನ ಕ್ರೋಮ್ ಒಎಸ್ ಫ್ಲೆಕ್ಸ್ ಕೂಡ ಪುಕ್ಕಟೆ. ಆದರೆ ಅದರಲ್ಲಿ ಪ್ಲೇ ಸ್ಟೋರ್ ಇಲ್ಲ, ಮುಕ್ಕಾಲು ಕೆಲಸ ಬ್ರೌಸರಿನಲ್ಲೇ ಆಗಬೇಕು. ನಮ್ಮಲ್ಲಿ ಆಷಾಢದ ಗಾಳಿಗೆ ಒಂದು ಮರ ಲೈನಿನ ಮೇಲೆ ಬಿತ್ತು ಅಂದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಫ್ಲೆಕ್ಸ್ ಪೇಟೆಯವರಿಗೆ ಸರಿ.

ಮಿಂಟ್ 22ರ ಫೈಲು 3 ಜಿಬಿ ಆಸುಪಾಸು. ಶಿರಸಿಯಲ್ಲಿ ಭಾವನ ಮನೆಯ ನೆಟ್‌ನಲ್ಲಿ ಇಳಿಸಿ ಪೆನ್‌ಡ್ರೈವ್‌ಗೆ ಹಾಕಿಕೊಂಡೆ. ಆನ್ ಮಾಡುವಾಗ ಎಫ್12 ಒತ್ತಿ ಪೆನ್‌ಡ್ರೈವ್‌ನಿಂದಲೇ ಶುರು ಮಾಡಿದರೆ, ಡಿಸ್ಕ್ ಮುಟ್ಟದೆ ಎಲ್ಲವನ್ನೂ ನೋಡಬಹುದು. ವೈಫೈ, ಸೌಂಡು, ಕ್ಯಾಮೆರಾ ಎಲ್ಲ ಪರೀಕ್ಷಿಸಿ ಆಮೇಲೆ ಇನ್‌ಸ್ಟಾಲ್ ಒತ್ತಿ. ವೈಫೈ ಸಿಗದಿದ್ದರೆ ಮೊಬೈಲನ್ನು ಯುಎಸ್‌ಬಿ ವಯರಿನಲ್ಲಿ ಜೋಡಿಸಿ ನೆಟ್ ಕೊಟ್ಟು ಡ್ರೈವರ್ ಇಳಿಸಬಹುದು. ನನಗೆ ಆ ತಾಪತ್ರಯ ಬರಲಿಲ್ಲ.

ನನಗೆ ಮುಖ್ಯವಾದದ್ದು ಕನ್ನಡ. ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಕನ್ನಡ ಟೈಪ್ ಮಾಡಲು ಬೇಕಾದ 'ಐಬಸ್ ಎಂ17ಎನ್' (ibus-m17n) ಹುಡುಕಿ ಹಾಕಿ, ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆರಿಸಿ, ಒಮ್ಮೆ ಲಾಗೌಟ್ ಆಗಿ ಬನ್ನಿ. ಕನ್ನಡದ ಪಟ್ಟಿಯಲ್ಲಿ 'ಕೆಜಿಪಿ' ಅಂತ ಒಂದಿದೆ. ಅದೇ ನಮ್ಮ ಕಗಪ, ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸ. ನುಡಿ ತಂತ್ರಾಂಶದಲ್ಲಿ ಕೂತ ಕೈಗೆ ಹೊಸದೇನೂ ಕಲಿಯಬೇಕಾಗಿಲ್ಲ, ಒತ್ತಕ್ಷರಕ್ಕೆ ಇಲ್ಲೂ ಎಫ್ ಕೀಲಿಯೇ. ಅಪ್ಪಯ್ಯನ ಟಿಪ್ಪಣಿಯಲ್ಲಿ 'ದುರ್ಯೋಧನ', 'ಧೃತರಾಷ್ಟ್ರ' ಸಾಲುಸಾಲಾಗಿ ಬರುತ್ತಾರೆ. ಒಂದೂ ಒಡೆಯಲಿಲ್ಲ.

ತೊಂದರೆ ಹಳೇ ಫೈಲುಗಳದ್ದು. ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿ ಮಾಡಿದ್ದು ವರ್ಡ್‌ನಂಥ ಲಿಬ್ರೆಆಫೀಸ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ತೆರೆಯುತ್ತದೆ. ಆ ಫಾಂಟ್ ಫೈಲನ್ನೇ ತಂದು ಹಾಕಿದರೆ ಓದಲು ಬರುತ್ತದೆ. ತಿದ್ದಬೇಕಾದರೆ ಯೂನಿಕೋಡಿಗೆ ಪರಿವರ್ತಿಸುವುದೇ ಸೈ. ಪರಿವರ್ತಿಸಿದ ಮೇಲೂ ಒಮ್ಮೆ ಕಣ್ಣಾಡಿಸಿ, ಅರ್ಕಾವತ್ತು ಅಲ್ಲಲ್ಲಿ ಜಾಗ ಬದಲಿಸಿರುತ್ತದೆ. ಸಂಘದ ಹಳೇ ಲೇಸರ್ ಪ್ರಿಂಟರ್ ಮಾತ್ರ ಜಪ್ಪಯ್ಯ ಅಂದರೂ ಮಾತು ಕೇಳಲಿಲ್ಲ. ಪಿಡಿಎಫ್ ಮಾಡಿ ಜೆರಾಕ್ಸ್ ಅಂಗಡಿಗೆ ಕಳಿಸುತ್ತಿದ್ದೇನೆ.

ಅಪ್‌ಡೇಟ್ ಯಾವಾಗ ಅನ್ನುವುದು ನಮ್ಮ ಕೈಯಲ್ಲಿದೆ. ಸುಮ್ನೆ ನಡುವೆ ರೀಸ್ಟಾರ್ಟ್ ಆಗುವುದಿಲ್ಲ. ಈ 22ರ ಸರಣಿಗೆ 2029ರವರೆಗೆ ಭದ್ರತಾ ಅಪ್‌ಡೇಟ್ ಇದೆ. ಕರೆಂಟ್ ಹೋದಾಗ ಎಫ್ಎನ್ ಜೊತೆ ಸ್ಪೇಸ್ ಒತ್ತಿದರೆ ಪರದೆಯ ಮೇಲಂಚಿನ ಪುಟ್ಟ ದೀಪ ಕೀಲಿಗಳ ಮೇಲೆ ಬೀಳುತ್ತದೆ. ಅದು ಮಿಂಟಿನ ಗುಣವಲ್ಲ, ಥಿಂಕ್‌ಪ್ಯಾಡಿನದು. ಆದರೂ ಹೇಳದೆ ಇರಲಾಗಲಿಲ್ಲ. ಆಯಿ ಒಮ್ಮೆ ಅದರಲ್ಲೇ ಯಕ್ಷಗಾನದ ವಿಡಿಯೋ ನೋಡಿ "ಅಡ್ಡಿಲ್ಲೆ" ಅಂದಳು. ಅವಳ ಬಾಯಲ್ಲಿ ಅದು ದೊಡ್ಡ ಸರ್ಟಿಫಿಕೇಟು.

4 ಜಿಬಿಯಲ್ಲಿ ಫೈರ್‌ಫಾಕ್ಸ್‌ನ ಟ್ಯಾಬು ಜಾಸ್ತಿಯಾದರೆ ಏದುಸಿರು ಬಿಡುತ್ತದೆ. ಇನ್ನೊಂದು 4 ಜಿಬಿ ಡಿಡಿಆರ್3 ಹಾಕಿಸಿ. ಟಿ430ರಲ್ಲಿ ಒಂದು ಸ್ಲಾಟ್ ಕೆಳಗಿನ ಮುಚ್ಚಳದಲ್ಲಿ, ಇನ್ನೊಂದು ಕೀಬೋರ್ಡಿನ ಅಡಿಯಲ್ಲಿದೆ. ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಇನ್ನೂ ಒಳ್ಳೆಯದು.

ಭಾವನಿಗೂ ಆಸೆಯಾಯಿತು. ಅವನದು ಅಡಿಕೆ ವ್ಯಾಪಾರ, ಲೆಕ್ಕವೆಲ್ಲ ಟ್ಯಾಲಿಯಲ್ಲಿ. ಬೇಡ ಅಂದೆ. ಟ್ಯಾಲಿ ವಿಂಡೋಸಿಗೆ ಮಾಡಿದ್ದು, ದಿನವಹಿ ವ್ಯಾಪಾರದ ಲೆಕ್ಕವನ್ನು ಒಗ್ಗದ ಕಡೆ ಇಟ್ಟು ಒದ್ದಾಡುವುದು ಯಾಕೆ? ಅಂಥವರು ನಾಲ್ಕು ಕಾಸು ಜಾಸ್ತಿ ಕೊಟ್ಟು ವಿಂಡೋಸ್ 11 ಅಧಿಕೃತವಾಗಿ ಹಿಡಿಯುವ ಮೆಷಿನ್ನೇ ತಗೊಳ್ಳಿ. ಉಳಿದವರಲ್ಲಿ ನೆಟ್ ನಿಧಾನ ಇರುವವರು 8 ಜಿಬಿಯ ಖಾಲಿ ಪೆನ್‌ಡ್ರೈವ್ ತಂದರೆ ನನ್ನ ಕಾಪಿಯಿಂದ ಮಾಡಿಕೊಡುತ್ತೇನೆ. ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಮದುವೆ ಫೋಟೋ ಇದ್ದದ್ದು ತರಬೇಡಿ.