ಬಿಲ್ ಮೊದಲೇ ಸೊನ್ನೆ, ಮತ್ತೆ ಸೋಲಾರ್ ಹೀಟರ್ ಯಾಕೆ?

ಹಾಸನದ ನಮ್ಮ ಮನೆ ತಾರಸಿ ಮೇಲೆ 200 ಲೀಟರಿನ ಸೋಲಾರ್ ವಾಟರ್ ಹೀಟರ್ ಕೂತು ಒಂದು ವರ್ಷ ಎರಡು ತಿಂಗಳಾಯಿತು. ಫಿಟ್ಟಿಂಗ್ ಸೇರಿ 46 ಸಾವಿರ ಕೊಟ್ಟೆ. ಕಂಪನಿ ಹೆಸರು ಹೇಳಲ್ಲ. ಹೀಟರ್‌ದು ತಪ್ಪಿಲ್ಲ, ಕೂರಿಸಿದವರದ್ದೇ ಎಲ್ಲಾ.

ನಾನು ಪಿಯು ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ 26 ವರ್ಷ ಅಟೆಂಡರ್ ಆಗಿದ್ದವನು. ರಿಟೈರ್ ಆದರೂ ಥರ್ಮಾಮೀಟರ್ ಚಟ ಬಿಟ್ಟಿಲ್ಲ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ನೀರಿನ ಲೆಕ್ಕವನ್ನೂ ಬರೆಯುತ್ತೇನೆ. ‘1 ಲೀ, 57’ ಅಂತಿದ್ದರೆ ಹಾಲು ಒಂದು ಲೀಟರ್, ಬೆಳಗ್ಗೆ ಆರಕ್ಕೆ ನಲ್ಲಿ ನೀರು 57 ಡಿಗ್ರಿ. ಒಂದು ಸಲ ಹಾಲಿನವನು ಇದನ್ನು ನೋಡಿ, ‘57 ಲೀಟರ್ ಯಾವಾಗ ಹಾಕಿದೆ ಸಾರ್’ ಅಂದಿದ್ದ.

ಟ್ಯೂಬಿನದ್ದೋ ಪ್ಲೇಟಿನದ್ದೋ ಅಂತ ಅಂಗಡಿಯಲ್ಲಿ ಕೇಳಿದರು. ಟ್ಯೂಬಿನದ್ದು ಅಂದರೆ ಗಾಜಿನ ಕೊಳವೆಗಳದ್ದು, ಅಗ್ಗ. ನಮ್ಮದು ಹೇಮಾವತಿ ನೀರು ಬರುವ ಮನೆ, ಹಾಗಾಗಿ ನಾನು ಪ್ಲೇಟ್ ತಗೊಂಡೆ. ಬೋರ್‌ವೆಲ್ ನೀರಿನವರು ಟ್ಯೂಬೇ ನೋಡಿ. ಗಡಸು ನೀರಾದರೆ ಪ್ಲೇಟಿನ ತಾಮ್ರದ ಸಣ್ಣ ಪೈಪುಗಳಲ್ಲಿ ಸುಣ್ಣ ಕಟ್ಟಿಕೊಳ್ಳುತ್ತದೆ. ಆದರೆ ಟ್ಯೂಬಿನ ಪಕ್ಕ ತೆಂಗಿನ ಮರ ಇರಬಾರದು. ಹಿಂದಿನ ಮನೆಯವರು ಎರಡು ಟ್ಯೂಬ್ ಕಳಕೊಂಡಿದ್ದಾರೆ.

ಪ್ಲೇಟ್ ಅಂದರೆ ಏನೂ ಇಲ್ಲ, ಒಂದು ಪೆಟ್ಟಿಗೆ. ಕೆಳಗೆ ಗಾಜಿನ ಉಣ್ಣೆ, ಅದರ ಮೇಲೆ ಕಪ್ಪು ಬಳಿದ ತಾಮ್ರದ ತಗಡು, ಮೇಲೊಂದು ದಪ್ಪ ಗಾಜು. ಬೆಳಕು ಗಾಜು ದಾಟಿ ಒಳಗೆ ಹೋಗುತ್ತದೆ. ತಗಡು ಕಾಯುತ್ತದೆ. ಕಾದ ತಗಡು ವಾಪಸ್ ಬಿಡುವ ಶಾಖವನ್ನು ಗಾಜು ಸುಲಭಕ್ಕೆ ಹೊರಗೆ ಬಿಡುವುದಿಲ್ಲ, ಗಾಳಿಯೂ ಒಳಗೆ ನುಗ್ಗಿ ತಣ್ಣಗೆ ಮಾಡುವುದಿಲ್ಲ. 1767ರಲ್ಲಿ ಜಿನೀವಾದ ಸೊಸ್ಯೂರ್ ಎಂಬ ವಿಜ್ಞಾನಿ ಗಾಜು ಮುಚ್ಚಿದ ಇಂಥದ್ದೇ ಪೆಟ್ಟಿಗೆ ಮಾಡಿ ಬಿಸಿಲಿಗಿಟ್ಟಿದ್ದರು. ಭೂಮಿ ಯಾಕೆ ಬೆಚ್ಚಗಿದೆ ಅಂತ 1824ರಲ್ಲಿ ಫ್ರಾನ್ಸಿನ ಗಣಿತಜ್ಞ ಫೂರಿಯೇ ಬರೆಯುವಾಗ ಅದೇ ಪೆಟ್ಟಿಗೆಯನ್ನು ನೆನೆದರು. ಹಸಿರುಮನೆ ಪರಿಣಾಮ ಅಂತ ಪಾಠದಲ್ಲಿ ಬರುತ್ತದಲ್ಲ, ಅದರ ಕಥೆ ಶುರುವಾಗಿದ್ದು ಹೆಚ್ಚೂಕಮ್ಮಿ ನನ್ನ ತಾರಸಿ ಮೇಲಿರುವ ಸಾಮಾನಿನಿಂದಲೇ. ಭೂಮಿಗೆ ಗಾಜಿಲ್ಲ. ನೀರಿನ ಆವಿ, ಕಾರ್ಬನ್ ಡೈಆಕ್ಸೈಡ್, ಮೀಥೇನ್ ಶಾಖ ಹಿಡಿದಿಡುತ್ತವೆ. ಅವು ಇಲ್ಲದಿದ್ದರೆ ಭೂಮಿಯ ಸರಾಸರಿ ಬಿಸಿ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇರುತ್ತಿತ್ತು. ಹಾಗಾಗಿ ಕಂಬಳಿ ಬೇಕು. ಒಂದರ ಮೇಲೊಂದು ಹೊದೆಸುತ್ತಾ ಹೋದರೆ ಕಷ್ಟ. ಕಲ್ಲಿದ್ದಲು ಸುಡುವುದಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 280 ಭಾಗ ಇತ್ತು, ಈಗ 420 ದಾಟಿದೆ.

‘ಗೃಹಜ್ಯೋತಿ ಇದೆ, ಬಿಲ್ಲೇ ಬರಲ್ಲ, ದುಡ್ಡು ಯಾಕೆ ದಂಡ?’ ಅಂತ ನಮ್ಮನೆಯವರೇ ಕೇಳಿದರು. ಮಾತು ನಿಜ. ತಿಂಗಳಿಗೆ 170 ಯೂನಿಟ್ ಆಸುಪಾಸು ಬರುತ್ತಿತ್ತು, ನಮ್ಮ ಮಿತಿಯೊಳಗೇ ಇತ್ತು. ದುಡ್ಡಿನ ಲೆಕ್ಕದಲ್ಲಿ ನನಗೆ ಒಂದು ಪೈಸೆ ವಾಪಸ್ ಬಂದಿಲ್ಲ. ಬಿಲ್ ಸೊನ್ನೆ ಅಂದಮಾತ್ರಕ್ಕೆ ಮೀಟರ್ ನಿಂತಿರುತ್ತದಾ? ನಮ್ಮಲ್ಲಿ ಶರಾವತಿ ಇದೆ, ಪಾವಗಡದ ಸೋಲಾರ್ ಇದೆ, ಒಪ್ಪುತ್ತೇನೆ. ಆದರೆ ಬೆಳಗ್ಗೆ ಆರಕ್ಕೆ ಪಾವಗಡದಲ್ಲಿ ಎಲ್ಲಿಯ ಬಿಸಿಲು? ಊರಿನ ಗೀಸರ್‌ಗಳೆಲ್ಲ ಆನ್ ಆಗುವುದು ಆಗಲೇ. ಆ ಭಾರ ರಾಯಚೂರು, ಬಳ್ಳಾರಿಯ ಕಲ್ಲಿದ್ದಲಿನ ಮೇಲೂ ಬೀಳುತ್ತದೆ. ಕಲ್ಲಿದ್ದಲಿನ ಒಂದು ಯೂನಿಟ್ ಅಂದರೆ ಹೆಚ್ಚೂಕಮ್ಮಿ ಒಂದು ಕಿಲೋ ಕಾರ್ಬನ್ ಡೈಆಕ್ಸೈಡ್.

ಈಗ ದೂರುಗಳು. ಟ್ಯಾಂಕಿನೊಳಗೆ 2 ಕಿಲೋವ್ಯಾಟಿನ ಕಾಯಿಲ್ ಇದೆ, ಮೋಡದ ದಿನಕ್ಕೆ. ಫಿಟ್ ಮಾಡಿದ ಹುಡುಗ, ‘ಸ್ವಿಚ್ ಹಾಕೇ ಇರಿ ಸಾರ್, ತಾನೇ ಕಟ್ ಆಗುತ್ತೆ’ ಅಂದ. ನಂಬಿದೆ. ಮೊದಲ ತಿಂಗಳು 165 ಯೂನಿಟ್! ಆಮೇಲೆ ಹೊಳೆಯಿತು. ಸಂಜೆ ಎಲ್ಲರೂ ಸ್ನಾನ ಮಾಡಿದ ಮೇಲೆ ಟ್ಯಾಂಕಿಗೆ ತಣ್ಣೀರು ತುಂಬುತ್ತದೆ, ರಾತ್ರಿಯೆಲ್ಲ ಕರೆಂಟು ಅದನ್ನು ಕಾಯಿಸಿ ಇಡುತ್ತದೆ. ಬೆಳಗ್ಗೆ ಸೂರ್ಯ ಬಂದರೆ ಅವನಿಗೆ ಕೆಲಸವೇ ಇಲ್ಲ. ಸ್ವಿಚ್ ಆಫ್ ಮಾಡಿದೆ. ಮುಂದಿನ ತಿಂಗಳು 88. ಸೋಲಾರ್ ಹಾಕಿಸಿದವರು ದಯವಿಟ್ಟು ಒಂದು ಸಲ ಆ ಸ್ವಿಚ್ ನೋಡಿ ಬನ್ನಿ.

ಎರಡನೆಯದು ಪೈಪ್. ಟ್ಯಾಂಕಿನಿಂದ ಕೆಳಗಿನ ಬಚ್ಚಲಿಗೆ 60 ಅಡಿ, ಮೇಲೆ ಹೊದಿಕೆಯೇ ಇಲ್ಲ. ಬೆಳಗ್ಗೆ ನಲ್ಲಿ ತಿರುಗಿಸಿದರೆ ಅರ್ಧ ಬಕೆಟ್ ತಣ್ಣೀರು ಬಂದ ಮೇಲೇ ಬಿಸಿ. ಅಮ್ಮನಿಗೆ 84. ಕೈ ಒಡ್ಡಿ ನಿಂತು, ‘ಹಂಡೆಯೇ ವಾಸಿ ಕಣೋ’ ಅಂದರು. ಕಪ್ಪು ಫೋಮಿನ ಕೊಳವೆ ತಂದು ನಾನೇ ಸುತ್ತಿದೆ, ಒಂದು ಭಾನುವಾರ ಪೂರ್ತಿ ಹಿಡಿಯಿತು. ರಾತ್ರಿಯೆಲ್ಲ ಪೈಪಿನಲ್ಲಿ ನಿಂತ ನೀರು ಹೇಗಿದ್ದರೂ ತಣ್ಣಗೇ ಬರುತ್ತದೆ, ಅದನ್ನು ಹಿಡಿದು ಪಾತ್ರೆಗೆ ಬಳಸುತ್ತೇವೆ. ಒಬ್ಬರಾದ ಮೇಲೊಬ್ಬರು ಸ್ನಾನಕ್ಕೆ ಹೋದರೆ ಮತ್ತೆ ಹಿಡಿಯುವ ತಾಪತ್ರಯ ಇಲ್ಲ. ಹೊಸದಾಗಿ ಹಾಕಿಸುವವರು ಬಚ್ಚಲ ನೆತ್ತಿಯ ಮೇಲೇ ಟ್ಯಾಂಕ್ ಕೂರಿಸಿ.

ಫೆಬ್ರವರಿ, ಮಾರ್ಚ್‌ನಲ್ಲಿ ಸಂಜೆ ಐದಕ್ಕೆ 64 ಡಿಗ್ರಿ, ಮುಟ್ಟಲಾಗದು. ಜುಲೈ ಬಂದರೆ ಕಥೆ ಬೇರೆ. ಮೂರು ದಿನ ಬಿಡದೆ ಜಡಿಮಳೆ, ಕ್ಯಾಲೆಂಡರಿನಲ್ಲಿ ಬರೆದದ್ದು 31 ಡಿಗ್ರಿ. ಕಾಯಿಲ್ ಹಾಕಿದರೆ ಗಂಟೆಗೆ ಎರಡು ಯೂನಿಟ್ ಸುಟ್ಟು 200 ಲೀಟರ್ ನೀರು ಎಂಟೊಂಬತ್ತು ಡಿಗ್ರಿ ಏರುತ್ತದೆ ಅಷ್ಟೆ. ಆ ದಿನಗಳಲ್ಲಿ ಅಮ್ಮ ಗೆದ್ದರು. ತೆಂಗಿನ ಮಟ್ಟೆ ಒಟ್ಟಿ ಹಂಡೆ ಒಲೆ ಹಚ್ಚಿದೆವು. ಬಚ್ಚಲೆಲ್ಲ ಹೊಗೆ, ಅವರ ಮುಖದಲ್ಲಿ ಮಾತ್ರ ನಗು.

ಐದಕ್ಕೆ ನಾಲ್ಕು ಸ್ಟಾರ್ ಹೀಟರಿಗೆ, ಒಂದು ಫಿಟ್ಟಿಂಗಿಗೆ. ಟ್ಯಾಂಕಿನ ಕೆಳಗಿನ ಜಾಯಿಂಟ್ ಮೂರು ವಾರದಿಂದ ಸೋರುತ್ತಿದೆ. ಫೋನ್ ಮಾಡಿದಾಗಲೆಲ್ಲ ‘ನಾಳೆ ಬರ್ತೀನಿ ಸಾರ್’. ಸದ್ಯಕ್ಕೆ ಕೆಳಗೊಂದು ಕರಿಬೇವಿನ ಕುಂಡ ಇಟ್ಟಿದ್ದೇನೆ.